ಕೈಬಿಟ್ಟ ಚೆಂಡಿಗೆ ಚಪ್ಪಾಳೆ

ಕ್ರೋಯ್ಡನ್ನಿನ ನಮ್ಮ ಬೇಸ್‌ಬಾಲ್ ಟೀಮು ವರ್ಷಗಟ್ಟಲೆ ಸೋಲುತ್ತಿದ್ದಾಗ ನೋಡಲು ಬರುತ್ತಿದ್ದವರು ನಾನೂ ನನ್ನ ಗಂಡನೂ ಸೇರಿ ಏಳೆಂಟು ಜನ. ನಮ್ಮ ಹುಡುಗರು ಕ್ಯಾಚ್ ಬಿಟ್ಟಾಗಲೆಲ್ಲ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದೆವು. ಪಾಪ, ಚಪ್ಪಾಳೆ ಬೇಕಾಗುವುದೇ ಆಗ ತಾನೇ?

ಹೋದ ವರ್ಷ ಕಪ್ ಗೆದ್ದರು ನೋಡಿ, ಈಗ ಆಟ ನಡೆಯುವ ಪಾರ್ಕಿನಲ್ಲಿ ಕಾಲಿಡಲು ಜಾಗವಿಲ್ಲ. ಎಲ್ಲಿದ್ದರೋ ಇವರೆಲ್ಲ ಇಷ್ಟು ದಿನ! ಮೊನ್ನೆ ಭಾನುವಾರ ನಮ್ಮ ಹಳೇ ಆಟಗಾರನೊಬ್ಬ ಸುಲಭದ ಕ್ಯಾಚ್ ಬಿಟ್ಟ. ಸುತ್ತಲಿದ್ದವರೆಲ್ಲ 'ಬೂ' ಎಂದು ಅರಚಿದರು. ಅವನು ತಲೆ ತಗ್ಗಿಸಿದ್ದು ನೋಡಿ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ನಿಂತು, ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದೆ.

ಮುಂದೆ ಕೂತಿದ್ದವನು ತಿರುಗಿ, "ನೀವು ಎದುರು ಟೀಮಿನವರಾ?" ಅಂದ.

ಅವನ ತಲೆ ಮೇಲೆ ನಮ್ಮ ಟೀಮಿನ ಟೋಪಿ. ಅದಕ್ಕೆ ಅಂಟಿಸಿದ್ದ ಬೆಲೆ ಚೀಟಿಯನ್ನು ಇನ್ನೂ ಕಿತ್ತಿರಲಿಲ್ಲ.