ಗಂಟಿ ಕೇಳಿ ಎದ್ದು ಹೋದ ಬ್ರದರ್

ನಾ ನಿಂಗವ್ವ. ಖಾನಾಪುರದಾಗ ಚರ್ಚಿನ ಫಾದರ್ ಮನ್ಯಾಗ ಇಪ್ಪತ್ತ ವರ್ಷ ಅಡಗಿ ಮಾಡಿದಾಕಿ. ಅವರ ದೇವರು ಬ್ಯಾರೆ, ನಮ್ಮ ದೇವರು ಬ್ಯಾರೆ, ಖರೇ. ಆದರ ಹಸಿವಿ ಎಲ್ಲಾರದೂ ಒಂದ. ನಾ ಹೇಳಾಕ ಹೊಂಟಿದ್ದು ಬ್ರದರ್ ಇನಾಸನ ಸುದ್ದಿ.

ಫಾದರ್ ಆಗೂಕಿಂತ ಮೊದಲ, ಓದಿನ ನಡುವ ಒಂದ ವರ್ಷ, ಜನರ ಜೋಡಿ ಇದ್ದು ಕಲೀರಿ ಅಂತ ಈ ಹುಡುಗರನ್ನ ಊರಿಗೆ ಕಳಸ್ತಾರ. ಹಂಗ ತೊಂಬತ್ತೊಂಬತ್ತರ ಜೂನಿನ್ಯಾಗ ಇನಾಸ ಒಂದ ಟ್ರಂಕ್ ಹೊತಗೊಂಡು ನಮ್ಮೂರಾಗ ಬಸ್ಸಿಳದ. ಬೆಳಗಾವ್ಯಾಗ ಕ್ಯಾಂಪ್ ಅನ್ನೂ ಭಾಗದಾಗ ಅವನ ಮನಿ. ಅಪ್ಪ ಬೇಕರ್‍ಯಾಗ ಪಾಂವ ಸುಡಾಂವ. ಹದಿನೈದಕ್ಕ ಸೆಮಿನರಿ, ಅಂದ್ರ ಫಾದರ್ ಆಗೂ ಸಾಲಿ, ಸೇರಿದಾಂವಗ ಆಗ ಇಪ್ಪತ್ನಾಕು.

ಕೆಲಸಗಳ್ಳ ಅನ್ನಾಂಗಿಲ್ಲ. ಬಾವಿ ನೀರು ಸೇದತಿದ್ದ, ಕುಂಬಾರ ಓಣಿ ಹುಡುಗರಿಗೆ ಗಣಿತ ಹೇಳತಿದ್ದ, ಮರಾಠಿ ಮಂದಿ ಜೋಡಿ ಮರಾಠಿ, ನಮ್ಮ ಜೋಡಿ ಕನ್ನಡ ಮಾತಾಡತಿದ್ದ. ಆದರ ಚರ್ಚಿನ ಗಂಟಿ ಒಂದ ಬಡೀತಂದ್ರ ಮುಗೀತು, ಕೈಯಾಗಿಂದು ಅಲ್ಲೇ ಬಿಟ್ಟು ಎದ್ದಬಿಡಾಂವ. ಗಂಟಿ ಅಂದ್ರ ದೇವರು ಕರದಂಗ, ಪತ್ರ ಬರಿಯೂ ಮುಂದ ಬಡದ್ರೂ ಅರ್ಧಾ ಅಕ್ಷರಕ್ಕ ಪೆನ್ನು ಇಡಬೇಕು ಅಂತ ಸೆಮಿನರ್‍ಯಾಗ ಕಲಿಸ್ಯಾರ ಅಂತ ಹೆಮ್ಮಿಲೆ ಹೇಳಿದ. ಬಾಯಾಗ ರೊಟ್ಟಿ ಇದ್ರ ನುಂಗ್ತೀರೋ ಉಗುಳ್ತೀರೋ ಅಂತ ನಾ ಚಾಷ್ಟಿ ಮಾಡಿದೆ.

ನಮ್ಮವ್ವ ಸತ್ಯವ್ವ ಸೊಂಟ ಮುರಕೊಂಡು ನನ್ನ ಮನ್ಯಾಗ ಹಾಸಿಗಿ ಹಿಡದಿದ್ಲು. ಮನಿ ಚರ್ಚಿನ ಹಿಂದ. ನನಗೂ ಆಕಿಗೂ ಮೊದಲಿಂದ ಎಣ್ಣಿ-ಸೀಗಿಕಾಯಿ. ಆದರ ಬ್ರದರ್ ದಿನಾ ಸಂಜಿಮುಂದ ಬಂದು ಕುಂತರ ಮುದುಕಿ ಮಾರಿ ಅರಳತಿತ್ತು.

ಸಂಕ್ರಮಣ ಆಗಿ ಒಂದ ವಾರಕ್ಕ, ನಾ ಒಳಗ ಹಿಟ್ಟು ನಾದಾಕತ್ತಿದ್ದೆ. ಅವ್ವ ಅಂದದ್ದು ಸ್ಪಷ್ಟ ಕೇಳಸ್ತು: "ತಮ್ಮಾ, ನಲವತ್ತ ವರ್ಷ ಒಂದ ಮಾತು ಹೊಟ್ಟ್ಯಾಗ ಇಟಗೊಂಡೇನಿ. ಯಾರ ಮುಂದೂ ಹೇಳಿಲ್ಲ. ಇನ್ನ ತಡಿಯಾಕ ಆಗವಲ್ದು."

ಅಷ್ಟರಾಗ ಸಂಜಿ ಪ್ರಾರ್ಥನಾದ ಗಂಟಿ ಬಡೀತು. ಪುಣ್ಯಾತ್ಮ ಎದ್ದ! ನಾಳಿ ಬರ್ತೀನ್ರಿ ಅವ್ವಾ ಅಂದವನ ಹೋಗೇಬಿಟ್ಟ. ಅವ್ವ ಗ್ವಾಡಿ ಕಡೆ ಹೊಳ್ಳಿ ಮಲಗಿದ್ಲು. ಬೆಳಗ ಹರಿಯೂದ್ರಾಗ ಆಕಿ ಜೀವ ಹೋಗಿತ್ತು.

ಸುದ್ದಿ ಕೇಳಿ ಬ್ರದರ್ ಓಡಿ ಬಂದ. ಚಟ್ಟಕ್ಕ ಹೆಗಲ ಕೊಡ್ತೀನಿ ಅಂದ. ಬ್ಯಾಡ ಅಂದೆ. ಮೈಯೆಲ್ಲಾ ಉರಿಯಾಕತ್ತಿತ್ತು ನನಗ. ಮೂರ ತಿಂಗಳ ಅವನ ಮುಂದ ತಾಟು ಇಟ್ಟೆ, ಮಾತು ಇಡಲಿಲ್ಲ.

ಏಪ್ರಿಲ್‌ನ್ಯಾಗ ಬೆಳಗಾವಿ ಬಿಷಪ್‌ರ ಕಡಿಂದ ಕಾಗದ ಬಂತು. ಊರ ಮಂದಿ ಏನಂತಾರ ಕೇಳಿ ಫಾದರ್ ಬರದ ಕಳಿಸಬೇಕು. ಚಲೋ ಅಂದ್ರ ಹುಡುಗ ಜೂನಿನ್ಯಾಗ ಜೋಡಿದಾರರ ಕೂಡ ಮುಂದಿನ ಓದಿಗೆ, ಇಲ್ಲಂದ್ರ ಹಿಂದುಳಿಯೂದು. ಊರ ಸಾಲಿ ಗಜಾನನ ಮಾಸ್ತರ ಹೊಗಳಿದ್ದೇ ಹೊಗಳಿದ್ದು. ಕಡೀಕ ಫಾದರ್ ನನ್ನ ಕೇಳಿದ್ರು.

"ಶಿಸ್ತ ಭಾಳ ಐತ್ರಿ ಫಾದರ್," ಅಂದೆ. "ಮನಷ್ಯಾನ ಬಾಜೂಕ ಕುಂದ್ರಾಕ ಇನ್ನೂ ಬಂದಿಲ್ಲ. ಒಂದ ವರ್ಷ ಇಲ್ಲೇ ಇರ್ಲಿ."

ಹೇಳಿ ಬಂದ ಮ್ಯಾಲೆ ನನಗ ಚಿಂತಿ ಹತ್ತಿತು. ಕ್ಯಾಂಪಿನ್ಯಾಗ ಅವನ ತಾಯಿ ಮಗ ಫಾದರ್ ಆಗೂ ದಾರಿ ಕಾಯತಿದ್ಲಲ್ಲಾ. ಮರುದಿನ ಅವ ಅಡಗಿಮನಿಗೆ ಬಂದ. ಬೈತಾನ ಅಂತ ನಾ ತಯಾರಾಗೇ ನಿಂತಿದ್ದೆ. ಫಾದರ್ ಎಲ್ಲಾ ಹೇಳ್ಯಾರ, ನಿಮ್ಮ ತಪ್ಪಿಲ್ಲ ಅಂದ. ಒಂದ ವರ್ಷ ಇಲ್ಲೇ ಇರತೀನಿ ಅಂತ ಅವನೂ ತನ್ನ ಕೈಲೆ ಬರದ ಕೊಟ್ಟಿದ್ದನಂತ, ನಾ ಹೇಳೂಕಿಂತ ಮೊದಲ.

ಆಮ್ಯಾಲೆ ಕಂಬಕ್ಕ ಒರಗಿ ನಿಂತು ಮೆಲ್ಲಕ ಕೇಳಿದ: "ನಾ ಎದ್ದು ಹೋದಮ್ಯಾಲೆ ಅವ್ವ ನಿಮ್ಮ ಮುಂದರ ಹೇಳಿದ್ರೇನ್ರಿ?"

ಅವತ್ತ ಸಂಜಿಮುಂದ ನಾಕ ಹೆಜ್ಜಿ ಆಚೆ ಇದ್ದೆ ನಾ. ಆಕಿ ಮಾತು ಈ ಕಿವೀಲೆ ಕೇಳಿದ್ದೆ, ಆಕಿ ಗ್ವಾಡಿ ಕಡೆ ಹೊಳ್ಳಿದ್ದೂ ನೋಡಿದ್ದೆ. ಹಿಟ್ಟು ಒಣಗತೈತಿ, ರೊಟ್ಟಿ ಬಡದಮ್ಯಾಲೆ ಕೇಳಿದ್ರಾತು ಅಂದಕೊಂಡೆ. ರೊಟ್ಟಿ ಆದವು, ಉಂಡೆ, ಮಲಗಿದೆ.

"ಏನು ಅಂತ ನಾ ಕೇಳಲೇ ಇಲ್ಲೋ ತಮ್ಮಾ," ಅಂದೆ.

ಅವ ಒಲಿ ಮುಂದ ನೆಲದ ಮ್ಯಾಲೆ ನನ್ನ ಬಾಜೂಕ ಕುಂತ. ಅವ್ವ ಸತ್ತು ಮೂರ ತಿಂಗಳಾಗಿತ್ತು. ನಾ ಅವತ್ತ ಮೊದಲ ಸಲ ಅತ್ತೆ.