ಬೇಳೆ ಬೇಯದ ಬಾವಿ

ಎರಡನೆಯ ಮಹಾಯುದ್ಧಕ್ಕೆ ಮೊದಲು, ನನ್ನ ಮದುವೆಗೂ ಮುಂಚೆ, ಕುಲಗೋಡದ ನಮ್ಮ ಹಿತ್ತಲಲ್ಲಿ ಅಪ್ಪ ಬಾವಿ ತೋಡಿಸಿದ. ಕಟ್ಟೆ ಕಟ್ಟಿಸಿ, ನೀರು ಸೇದಲು ಗಡಗಡಿ ಹಾಕಿಸಿದ. ಅಲ್ಲಿಯವರೆಗೆ ಊರಾಚೆಯ ಮೆಟ್ಟಿಲ ಬಾವಿಯೇ ಗತಿ. ಎಲ್ಲರೂ ಅದೇ ನೀರಿಗಿಳಿದು ಕಾಲು ತೊಳೆದು, ಅಲ್ಲೇ ಕೊಡ ಮುಳುಗಿಸುತ್ತಿದ್ದರು. ಮನೆಯಲ್ಲೇ ನೀರು ಸಿಕ್ಕ ಮೇಲೆ ಅವ್ವನ ಬೆಳಗು ಬದಲಾಯಿತು. ಹೊತ್ತು ಮೂಡುವಷ್ಟರಲ್ಲಿ ಸ್ನಾನ, ಲಿಂಗಪೂಜೆ ಮುಗಿಸಿ, ರೊಟ್ಟಿ ಬಿಸಿಯಿರುವಾಗಲೇ ತಾನೂ ನಮ್ಮೊಡನೆ ಕೂತು ಉಣ್ಣತೊಡಗಿದಳು.

ಒಂದೇ ಕೊರತೆ. ಆ ಗಡಸು ನೀರಿನಲ್ಲಿ ತೊಗರಿಬೇಳೆ ಬೇಯುತ್ತಿರಲಿಲ್ಲ. ಗೋಕಾಕದಲ್ಲಿ ಹೈಸ್ಕೂಲು ಓದಿ ಬಂದ ನನಗೆ ಆ ಗಟ್ಟಿ ಬೇಳೆ ಸೇರಲಿಲ್ಲ.

ಹೊಸದಾಗಿ ಬಂದ ಹೆಂಡತಿ, "ಹೆಸರಬ್ಯಾಳಿ ಮಾಡ್ತೇನ್ರಿ, ಮೆತ್ತಗಾಗ್ತೈತಿ" ಅಂದಳು.

"ಅದು ಜಡ್ಡಾದವರಿಗೆ" ಅಂದೆ.

ಅವ್ವ ನಕ್ಕಳು. "ಹಲ್ಲು ಬಿದ್ದ ನಾನ ತಿನ್ನಾಕತ್ತೇನಿ. ನಿನಗೇನ್ ಧಾಡಿ ಆಗೈತೋ?"

ಬೇಳೆಗಾಗಿ ಒಂದು ಕೊಡ ಮೆಟ್ಟಿಲ ಬಾವಿಯದೇ ಬೇಕೆಂದು ಹಟ ಹಿಡಿದೆ. ಹೆಂಡತಿ ದಿನಾ ಹೋಗಿ ತಂದಳು. ಬಿಸಿಲಿಗೆ ಬಾಯಾರಿದಾಗ ಅಲ್ಲೇ ಬೊಗಸೆಯಲ್ಲಿ ಕುಡಿಯುತ್ತಿದ್ದಳು. ಅಂಥ ನೀರು ಕುಡಿದರೆ ನಾರುಹುಣ್ಣು ಬರುತ್ತದೆ, ದಾರದಂಥ ಹುಳ ಚರ್ಮ ಸೀಳಿ ಹೊರಬರುತ್ತದೆ ಎಂದು ನಮ್ಮ ಮಾಸ್ತರರು ಹೇಳಿದ್ದರು. ನಾನು ಮನೆಯಲ್ಲಿ ಅದನ್ನು ಹೇಳಲಿಲ್ಲ. ಹೇಳಿದ್ದರೆ ಮೆತ್ತನೆಯ ಬೇಳೆ ತಪ್ಪುತ್ತಿತ್ತು.

ಮರುವರ್ಷ ಬೇಸಿಗೆಯಲ್ಲಿ ಅವಳ ಪಾದದ ಮೇಲೆ ಬೊಬ್ಬೆ ಎದ್ದು, ಒಡೆದು, ನಾರು ತಲೆ ಹಾಕಿತು. ಓಣಿಯ ಮುದುಕಿಯೊಬ್ಬಳು ಅದನ್ನು ಕಡ್ಡಿಗೆ ಸುತ್ತಿ ಕಟ್ಟಿದಳು. ದಿನಾ ಸ್ವಲ್ಪ ಸ್ವಲ್ಪವೇ ಎಳೆಯಬೇಕು.

"ಬಂಡ್ಯಾಗ ಕುಂದ್ರಬ್ಯಾಡವಾ. ಕುಲುಕಿ ನಾರು ಹರೀತಂದ್ರ ಕಾಲ ಹೋಗ್ತೈತಿ" ಅಂದಳು.

ಅದೇ ವಾರ ನಾಗನೂರಿನಲ್ಲಿ ಹೆಂಡತಿಯ ಒಬ್ಬಳೇ ತಂಗಿಯ ಮದುವೆ. ಹೆಂಡತಿ ಗೋಡೆಗೆ ಮುಖ ಮಾಡಿ ಅತ್ತಳು. ನಾನೊಬ್ಬನೇ ಹೋದೆ.

ಅತ್ತೆ ಬಂಡಿಯೊಳಗೆ ಇಣುಕಿದರು. "ನಮ್ಮ ಹುಡುಗಿ ಎಲ್ರಿ?"

"ನಾರು ಎದ್ದೈತ್ರಿ."

ಹಿಂದೊಮ್ಮೆ ಅದೇ ಹುಣ್ಣಿನಿಂದ ಅತ್ತೆಯ ಕಾಲು ಸೊಟ್ಟಗಾಗಿತ್ತು. ಆ ಕಾಲು ಎಳೆದುಕೊಂಡು ಬಂದು ಮನೆ ಮುಂದಿನ ಕಟ್ಟೆಯ ಮೇಲೆ ಕೂತರು. "ಹಿತ್ತಲದಾಗ ಬಾವಿ ಐತಂತ ನೋಡೇ ನಿಮ್ಮ ಮನಿಗೆ ಕೊಟ್ಟೇವ್ರಿ. ಹೊಲಾ ಎಷ್ಟೈತಿ ಅಂತಾನೂ ಕೇಳಲಿಲ್ಲ. ಹೆಂಗ ಬಂತ್ರಿ ಅದು?"

ನಿಜ ನಾಲಿಗೆಯ ತುದಿಗೆ ಬಂತು. "ಯಾರ ಕಣ್ಣು ಬಿತ್ತೋ ಏನೋ" ಅಂದೆ.

ಅತ್ತೆ ನಂಬಿದರು. ಮದುವೆಯ ಗದ್ದಲದಲ್ಲೇ ಒಳಗೆ ಹೋಗಿ, ಮಗಳ ದೃಷ್ಟಿ ತೆಗೆಯಲು ಉಪ್ಪು, ಮೆಣಸಿನಕಾಯಿ ಗಂಟು ಕಟ್ಟಿ ತಂದುಕೊಟ್ಟರು. ನಾನು ಊರಿಗೆ ಮರಳಿದ ಮೇಲೆ ಅವ್ವ ಅದನ್ನು ನನ್ನ ಹೆಂಡತಿಗೆ ನಿವಾಳಿಸಿ ಒಲೆಗೆ ಹಾಕುವಾಗಲೂ ನಾನು ಬಾಯಿ ಬಿಡಲಿಲ್ಲ.