ಹನ್ನೊಂದು ಹುಣಸೆಬೀಜಗಳ ಸಾಕ್ಷ್ಯ

ಮೂರು ವರ್ಷಗಳ ಹಿಂದೆ ನಾನು ಕುರಿಗಾರರ ಸಹಕಾರ ಒಕ್ಕೂಟವೊಂದರಲ್ಲಿ ಸಿಸ್ಟಮ್ ಅಡ್ಮಿನಿಸ್ಟ್ರೇಟರ್ ಆಗಿದ್ದೆ. ಎಂ.ಟೆಕ್. ಮುಗಿಸಿ ಸೇರಿದ ಮೊದಲ ಕೆಲಸ ಅದು. ನಮ್ಮ ಜಿಲ್ಲೆ ಒಡೆದು ಎರಡಾಗಿದ್ದರೂ ಒಕ್ಕೂಟ ಒಂದೇ ಉಳಿದಿತ್ತು. ಮುಖ್ಯ ಕಚೇರಿ ರಾಯದುರ್ಗದಲ್ಲಿ, ಶಾಖೆ ಮಡಕಶಿರಾದಲ್ಲಿ. ಎರಡೂ ಕಡೆ ಒಂದೇ ಕಂಪನಿ ಒದಗಿಸಿದ, ಒಂದೇ ಮಾದರಿಯ ಡೇಟಾಬೇಸ್ ಸರ್ವರ್‌ಗಳಿದ್ದವು. ಪ್ರತಿ ಕುರಿಯ ಕಿವಿಯ ಬಿಲ್ಲೆಯ ಸಂಖ್ಯೆಯೂ ಅದಕ್ಕೆ ಹಾಕಿದ ಲಸಿಕೆಯ ವಿವರವೂ ಅವುಗಳಲ್ಲಿ ಸೇರುತ್ತಿದ್ದವು. ಕಾಗದವೇ ಬೇಡವೆಂದು ಒಕ್ಕೂಟ ಹೆಮ್ಮೆಯಿಂದ ಆದೇಶ ಹೊರಡಿಸಿತ್ತು. ಲಸಿಕೆ ಹಾಕುವವರು ಹಟ್ಟಿಯಿಂದಲೇ ಫೋನಿನಲ್ಲಿ ಸಂಖ್ಯೆ ಓದಿ ಹೇಳುವರು. ಕಚೇರಿಯಲ್ಲಿ ಕುಳಿತ ಆಪರೇಟರ್ ನೇರವಾಗಿ ದಾಖಲಿಸುವರು.

ಫೆಬ್ರವರಿಯ ಒಂದು ಬುಧವಾರ ಗುಮ್ಮಘಟ್ಟದ ಮಂದೆಯೊಂದರ ಇನ್ನೂರಿಪ್ಪತ್ತು ಕುರಿಗಳಿಗೆ ಲಸಿಕೆ ಖರ್ಚಾಯಿತು. ಮರುದಿನ ಡೇಟಾಬೇಸಿನಲ್ಲಿ ಸಿಕ್ಕಿದ್ದು ನೂರ ಅರವತ್ತಮೂರು ದಾಖಲೆ. ಐವತ್ತೇಳು ಕುರಿಗಳ ಲಸಿಕೆ ಹೊರಗೆ ಮಾರಾಟವಾಗಿದೆ ಎಂದು ಕಾರ್ಯದರ್ಶಿ ತಿಪ್ಪೇಸ್ವಾಮಿಯವರು ಸಭೆಯಲ್ಲೇ ಆರೋಪಪತ್ರ ಓದಿದರು. ಆರೋಪಿ, ಲಸಿಕೆಯ ದಾಸ್ತಾನನ್ನೂ ನೋಡಿಕೊಳ್ಳುತ್ತಿದ್ದ, ಆ ದಿನ ದಾಖಲಿಸಿದ್ದ ಹೊನ್ನೂರಮ್ಮ. ನಲವತ್ತರ ಆಸುಪಾಸಿನ, ಕುರಿಗಾರರ ಮನೆಯ ಹೆಂಗಸು. ಕಂಪ್ಯೂಟರ್ ಕಲಿತು ಒಂಬತ್ತು ವರ್ಷದಿಂದ ಅದೇ ಕುರ್ಚಿಯಲ್ಲಿದ್ದರು. ಹತ್ತು ದಿನದೊಳಗೆ ಉತ್ತರ ಕೊಡದಿದ್ದರೆ ಕೆಲಸದಿಂದ ವಜಾ. ಕುರಿಗಳನ್ನೇ ಹೋಗಿ ನೋಡೋಣವೆಂದರೆ ಮಂದೆ ಆಗಲೇ ಗದ್ದೆಗಳಲ್ಲಿ ಬೀಡುಬಿಡಲು ಕಣೇಕಲ್ಲಿನ ಕಡೆಗೆ ಹೊರಟುಹೋಗಿತ್ತು.

ನನ್ನನ್ನು ಕರೆದು ತಾಂತ್ರಿಕ ವರದಿ ಕೇಳಿದರು. ಸತ್ಯ ಹೇಳಬೇಕೆಂದರೆ, ಮೊದಲು ನಾನೂ ಹೊನ್ನೂರಮ್ಮನನ್ನೇ ಶಂಕಿಸಿದೆ. ಯಂತ್ರ ಸುಳ್ಳು ಹೇಳುವುದಿಲ್ಲ, ಮನುಷ್ಯರು ಹೇಳುತ್ತಾರೆ ಎಂಬುದು ನನ್ನ ಓದಿನ ಅಹಂಕಾರವಾಗಿತ್ತು.

ಹೊನ್ನೂರಮ್ಮ ಮೇಜಿನ ಖಾನೆಯಿಂದ ಒಂದು ಸುಣ್ಣದ ಡಬ್ಬಿ ತೆಗೆದು ನನ್ನ ಮುಂದೆ ಸುರಿದರು. ಆ ಬುಧವಾರದ ಹನ್ನೊಂದು ಹುಣಸೆಬೀಜ. ಅವರ ತಂದೆ ಸಂಜೆ ಹಟ್ಟಿಯ ಬಾಗಿಲಲ್ಲಿ ನಿಂತು ಇಪ್ಪತ್ತು ಕುರಿಗೊಂದು ಬೀಜ ಬಿಡುತ್ತ ಮಂದೆ ಎಣಿಸುತ್ತಿದ್ದರಂತೆ. ಮಗಳು ಅದೇ ಪದ್ಧತಿಯನ್ನು ಕಚೇರಿಗೆ ತಂದಿದ್ದರು: ಇಪ್ಪತ್ತು ದಾಖಲೆಗೊಂದು ಬೀಜ.

“ಹಸರು ಗುರ್ತು ಬಿದ್ದ ಮ್ಯಾಲೇ ಮುಂದಿನ ನಂಬರ್ ಕೇಳೀನ್ರಿ ಮೇಡಂ. ಬೀಜ ಎಣಿಸ್ರಿ ಬೇಕಾದ್ರ. ನಾ ತಪ್ಪಿರಬಹುದು, ಇವು ಯಾಕ ತಪ್ತಾವ್ರಿ?”

ತಿಪ್ಪೇಸ್ವಾಮಿ ನಕ್ಕರು. “ಹಂಗಾದ್ರ ಸರ್ವರ್ ಯಾಕ ಬೇಕ್ರಿ? ಕಚೇರಿ ಮುಂದ ಒಂದು ಹುಣಸಿ ಗಿಡ ಹಚ್ಚಿಬಿಡೋಣು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಇಂದಿಗೂ ನನ್ನನ್ನು ಚುಚ್ಚುತ್ತದೆ.

ವರದಿ ಬರೆಯಲು ಕುಳಿತಾಗ ಉಳಿದಿದ್ದ ಕೊನೆಯ ದಾಖಲೆಯ ಸಮಯ ಕಣ್ಣಿಗೆ ಬಿತ್ತು: ಎರಡು ಗಂಟೆ ಐವತ್ತೊಂಬತ್ತು ನಿಮಿಷ. ಅಂದು ನಾಲ್ಕಕ್ಕೆ ಸ್ವಲ್ಪ ಮೊದಲು ಕರೆಂಟ್ ಹೋಗಿ, ಹಳೆಯ ಯುಪಿಎಸ್ ಕೂಡ ಕೈಕೊಟ್ಟಿತ್ತು. ಹೊನ್ನೂರಮ್ಮನ ಹೆಸರಿನಲ್ಲಿ ಮೊದಲೇ ನಾಲ್ಕು ನಿರ್ಲಕ್ಷ್ಯದ ಮೆಮೋಗಳಿದ್ದವು. ಆ ನಾಲ್ಕು ದಿನಗಳನ್ನೂ ತೆಗೆದು ನೋಡಿದೆ. ಪ್ರತಿ ದಿನವೂ ಕರೆಂಟ್ ಹೋಗಿತ್ತು. ಪ್ರತಿ ಸಲವೂ ದಾಖಲೆಗಳು ಅದಕ್ಕೆ ಹಿಂದಿನ ಗಂಟೆ ಬಾರಿಸುವ ಹೊತ್ತಿಗೆ ಕತ್ತರಿಸಿದಂತೆ ನಿಂತಿದ್ದವು. ಮನುಷ್ಯರ ನಿರ್ಲಕ್ಷ್ಯ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಕಳ್ಳತನವೂ ಅಷ್ಟೇ. ನನ್ನ ಶಂಕೆ ಅಲ್ಲಿಂದ ದಿಕ್ಕು ಬದಲಿಸಿತು.

ಸರ್ವರಿನ ಫೈಲ್‌ಸಿಸ್ಟಮ್‌ಗಳ ಪಟ್ಟಿ ತೆಗೆದೆ. ಡಿಸ್ಕಿನ ಮೇಲೆ ಯಾವ ಮಾಹಿತಿ ಎಲ್ಲಿ ಕೂರಬೇಕು, ಯಾವಾಗ ಬರೆಯಲ್ಪಡಬೇಕು ಎಂಬ ಶಿಸ್ತಿಗೆ ಫೈಲ್‌ಸಿಸ್ಟಮ್ ಎನ್ನುತ್ತಾರೆ. ಡೇಟಾಬೇಸ್ ಇರಬೇಕಾದ ಸಾಲಿನಲ್ಲಿ ‘ಟಿಎಂಪಿಎಫ್‌ಎಸ್’ ಎಂದಿತ್ತು. ನಂಬಲಾಗದೆ ಎರಡು ಬಾರಿ ಓದಿದೆ. ಅದು ಡಿಸ್ಕನ್ನು ಮುಟ್ಟುವುದೇ ಇಲ್ಲ. ಎಲ್ಲವನ್ನೂ ಮೆಮೊರಿಯಲ್ಲೇ ಇಟ್ಟುಕೊಳ್ಳುತ್ತದೆ. ವೇಗ ಅಪಾರ, ಆದರೆ ಕರೆಂಟ್ ಹೋದರೆ ಒರೆಸಿದ ಸ್ಲೇಟು. ಗಂಟೆಗೊಮ್ಮೆ ಅದನ್ನು ಡಿಸ್ಕಿಗೆ ನಕಲು ಮಾಡುವ ಸಣ್ಣ ಪ್ರೋಗ್ರಾಮ್ ಒಂದನ್ನು ಕಂಪನಿಯವರು ಸದ್ದಿಲ್ಲದೆ ಸೇರಿಸಿದ್ದರು. ಹೊನ್ನೂರಮ್ಮನ ಹಸಿರು ಗುರುತುಗಳೆಲ್ಲ ಸ್ಲೇಟಿನ ಮೇಲೆ ಬಿದ್ದಿದ್ದವು.

ತಿಪ್ಪೇಸ್ವಾಮಿ ಒಪ್ಪಲಿಲ್ಲ. ಮಡಕಶಿರಾದಲ್ಲೂ ಅದೇ ಸರ್ವರ್ ಇದೆ, ಅಲ್ಲಿ ಒಂದು ಕುರಿಯೂ ಕಳೆದಿಲ್ಲವಲ್ಲ ಎಂಬುದು ಅವರ ವಾದ. ನ್ಯಾಯವಾದ ಪ್ರಶ್ನೆಯೇ. ಅವರನ್ನೂ ಕರೆದುಕೊಂಡು ಮಡಕಶಿರಾಕ್ಕೆ ಹೋದೆ. ಅಲ್ಲಿ ಫೈಲ್‌ಸಿಸ್ಟಮ್ ಅದೇ ಆಗಿತ್ತು, ಯುಪಿಎಸ್ ಮಾತ್ರ ಹೊಸದು. ಆಪರೇಟರ್ ಹನುಮಂತರಾಯ ತನ್ನ ಕಚೇರಿಯ ಮರ್ಯಾದೆ ಕಾಯುವವನಂತೆ ಎದೆಯುಬ್ಬಿಸಿ ಕುಳಿತಿದ್ದ. ಹತ್ತೂಕಾಲಿಗೆ ಆರಂಭಿಸಿ, ಹನ್ನೊಂದು ಹೊಡೆಯುವ ಮೊದಲು ನಲವತ್ತು ಪರೀಕ್ಷಾ ದಾಖಲೆ ಹಾಕಿಸಿದೆ. ನಲವತ್ತಕ್ಕೂ ಹಸಿರು ಗುರುತು ಬಿತ್ತು. ಅವನು ಕೈ ತೆಗೆದ ಕೂಡಲೇ ಸರ್ವರಿನ ಹಿಂದಿನ ಪ್ಲಗ್ ಕಿತ್ತೆ. ಮತ್ತೆ ಚಾಲೂ ಮಾಡಿದಾಗ ನಲವತ್ತರಲ್ಲಿ ಒಂದೂ ಇರಲಿಲ್ಲ.

ಹನುಮಂತರಾಯ ಪರದೆಯನ್ನೇ ದಿಟ್ಟಿಸಿದ. “ನಿಮ್ ಕಣ್ ಮುಂದೇನೇ ಕುಟ್ಟಿದ್ನಲ್ಲ ಸಾರ್. ಈಗ ನನ್ನೂ ಕಳ್ಳ ಅಂತೀರಾ?”

ತಿಪ್ಪೇಸ್ವಾಮಿ ತಮ್ಮ ವಾದವನ್ನು ಅಲ್ಲೇ ಬಿಟ್ಟು ರಾಯದುರ್ಗಕ್ಕೆ ಹೊರಟರು.

ಮರುದಿನ ಕಂಪನಿಯ ಎಂಜಿನಿಯರ್‌ಗೆ ಫೋನ್ ಮಾಡಿದೆ. ನನ್ನ ದನಿ ಏರಿತ್ತು. ಇದು ವಂಚನೆ, ಇದಕ್ಕೆ ಹೊಣೆ ಯಾರು ಎಂದು ಕೇಳಿದೆ. ಆತ ಶಾಂತವಾಗಿ, ಸರ್ವರ್ ಒಪ್ಪಿಕೊಳ್ಳುವಾಗ ನಡೆಸಿದ ಸ್ವೀಕಾರ ಪರೀಕ್ಷೆಯ ಪತ್ರದ ಎರಡನೇ ಪುಟ ತೆಗೆದು ನೋಡಿ ಎಂದ. ತೆಗೆದೆ. ‘ನಿಮಿಷಕ್ಕೆ ಮೂರು ಸಾವಿರ ದಾಖಲೆ’ ಎಂಬ ಒಂದೇ ಷರತ್ತು ಅಲ್ಲಿತ್ತು. ಕರೆಂಟ್ ಹೋದರೆ ಏನಾಗಬೇಕೆಂಬ ಒಂದು ಸಾಲೂ ಇರಲಿಲ್ಲ. ಆ ಡಿಸ್ಕುಗಳಲ್ಲಿ ಅಷ್ಟು ವೇಗ ಪ್ರಾಮಾಣಿಕವಾಗಿ ಸಾಧ್ಯವೇ ಇರಲಿಲ್ಲ. ಆದ್ದರಿಂದ ಅವರು ಅಪ್ರಾಮಾಣಿಕವಾಗಿ ಸಾಧಿಸಿದ್ದರು.

“ನೀವು ಸ್ಪೀಡ್ ಕೇಳಿದ್ರಿ, ನಾವು ಕೊಟ್ವಿ. ಕೆಳಗಿರೋ ಸಹಿ ನಿಮ್ಮದೇ ಅಲ್ವಾ ಮೇಡಂ?”

ನನ್ನದೇ. ಷರತ್ತೂ ನನ್ನದೇ. ಯಾವುದೋ ದೊಡ್ಡ ನಗರದ ಟೆಂಡರಿನಿಂದ ಎತ್ತಿ ಹಾಕಿದ ಸಾಲು. ಹೊನ್ನೂರಮ್ಮನ ಕೈ ಓಡುವುದು ನಿಮಿಷಕ್ಕೊಂದು ದಾಖಲೆ, ಹೆಚ್ಚೆಂದರೆ ಎರಡು. ಉಳಿದ ಎರಡು ಸಾವಿರದ ಒಂಬೈನೂರ ತೊಂಬತ್ತೆಂಟನ್ನು ಯಾರಿಗಾಗಿ ಕೇಳಿದ್ದೆ? ಕಂಪನಿಯ ಅಪರಾಧ ಇದರಿಂದ ಕಿಂಚಿತ್ತೂ ಕಡಿಮೆಯಾಗುವುದಿಲ್ಲ. ಗುಟ್ಟಾಗಿ ಮಾಡಿದ್ದೇ ಅದರ ದುರುದ್ದೇಶಕ್ಕೆ ಪುರಾವೆ. ಆದರೆ ಆ ಗುಟ್ಟಿಗೆ ಬಾಗಿಲು ತೆರೆದಿಟ್ಟವಳು ನಾನು.

ಇದೆಲ್ಲವನ್ನೂ ವರದಿಯಲ್ಲಿ ಬರೆದೆ. ತಿಪ್ಪೇಸ್ವಾಮಿ ಬಾಗಿಲು ಹಾಕಿಕೊಂಡು, ಈಗ ಮೊದಲಿಗಿಂತ ಮೆತ್ತಗೆ, ಹೇಳಿದರು: “ನಿಮ್ ಹೆಸರು ಯಾಕ ಬರಕೊಂತೀರಿ? ಕಂಪನಿ ಮ್ಯಾಲ ಹಾಕ್ರಿ, ಮುಗೀತು. ನೀವು ಇನ್ನೂ ಸಣ್ಣೋರು.” ಅದು ಕಾಳಜಿಯೋ, ನಾಳೆ ತಮ್ಮ ಹೆಸರೂ ಬರಬಾರದೆಂಬ ಮುಂಜಾಗ್ರತೆಯೋ, ನನಗೆ ಇಂದಿಗೂ ಅನುಮಾನವಿದೆ. ಹೆಸರನ್ನು ಬಿಡಲಿಲ್ಲ. ಜೊತೆಗೆ ಒಂದು ಬೇಡಿಕೆ ಇಟ್ಟೆ: ಆರೋಪವನ್ನು ಸಭೆಯಲ್ಲಿ ಓದಿದ್ದೀರಿ, ಹಿಂಪಡೆದದ್ದನ್ನೂ ಸಭೆಯಲ್ಲೇ ಓದಿ. ಗಡುವಿಗೆ ಎರಡು ದಿನ ಉಳಿದಿದ್ದಾಗ ಅವರು ಓದಿದರು. ಹಳೆಯ ನಾಲ್ಕು ಮೆಮೋಗಳೂ ರದ್ದಾದವು. ನನ್ನ ಸೇವಾ ಪುಸ್ತಕಕ್ಕೆ ಒಂದು ಎಚ್ಚರಿಕೆ ಸೇರಿತು. ಅದು ಅಲ್ಲಿರುವುದೇ ಸರಿ.

ಮುಂದಿನ ಕೆಲಸ ಸರಿಯಾದ ಫೈಲ್‌ಸಿಸ್ಟಮ್ ಆರಿಸುವುದು. ಝಡ್‌ಎಫ್‌ಎಸ್ ಬರೆದ ಪ್ರತಿ ತುಣುಕನ್ನೂ ಓದುವಾಗ ತಾಳೆ ನೋಡುತ್ತದೆ. ಆದರೆ ಅದನ್ನು ಬಲ್ಲವರು ರಾಯದುರ್ಗದಲ್ಲಿ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ, ಒಬ್ಬಳನ್ನೇ ನಂಬಿ ನಿಲ್ಲುವ ವ್ಯವಸ್ಥೆಯ ಮೇಲೆ ನನಗೆ ನಂಬಿಕೆ ಹೋಗಿತ್ತು. ಎಕ್ಸ್‌ಎಫ್‌ಎಸ್ ದೊಡ್ಡ ಭಾರಕ್ಕೆ ಹೇಳಿ ಮಾಡಿಸಿದ್ದು. ನಮ್ಮ ಭಾರ ಸಣ್ಣದು. ಕೊನೆಗೆ ಇಎಕ್ಸ್‌ಟಿ4 ಆರಿಸಿದೆ. ಮಾಡಲಿರುವ ಬದಲಾವಣೆಯನ್ನು ಮೊದಲು ಜರ್ನಲ್ ಎಂಬ ಟಿಪ್ಪಣಿಯಲ್ಲಿ ಗುರುತಿಟ್ಟುಕೊಳ್ಳುವ ಹಳೆಯ, ಸಾದಾ ಫೈಲ್‌ಸಿಸ್ಟಮ್ ಅದು. ಕೆಟ್ಟರೆ ಯಾವ ಊರಿನ ತಂತ್ರಜ್ಞನೂ ಕೈಹಾಕಬಲ್ಲ. ಡಿಸ್ಕಿಗೆ ನಿಜವಾಗಿ ಇಳಿಯದೆ ‘ಉಳಿಸಿದೆ’ ಎನ್ನಕೂಡದೆಂಬ ಡೇಟಾಬೇಸಿನ ಕಟ್ಟುಪಾಡುಗಳನ್ನು ಒಂದೊಂದಾಗಿ ಪರಿಶೀಲಿಸಿದೆ.

ಹೊಸ ಸ್ವೀಕಾರ ಪರೀಕ್ಷೆಯಲ್ಲಿ ವೇಗದ ಷರತ್ತು ಇರಲಿಲ್ಲ. ಹೊನ್ನೂರಮ್ಮ ದಾಖಲಿಸಬೇಕು, ಮನಸ್ಸಿಗೆ ಬಂದಾಗ ಹೇಳದೆ ಕೇಳದೆ ಪ್ಲಗ್ ಕೀಳಬೇಕು. ಇಪ್ಪತ್ತು ಸಲ ಕಿತ್ತರು. ಹಸಿರು ಗುರುತು ಬಿದ್ದ ಒಂದು ದಾಖಲೆಯೂ ಕಳೆಯಲಿಲ್ಲ. ಕೊನೆಯ ಸಲ ಎಣಿಕೆ ಸರಿಬಂದಾಗ ಸಹಿಗೆಂದು ಪೆನ್ನು ತೆಗೆದೆ. ಅವರು ಇನ್ನೊಂದು ಬೀಜವನ್ನು ಡಬ್ಬಿಗೆ ಹಾಕಿದರು.

“ಇನ್ನೂ ಯಾಕಮ್ಮ ಬೀಜ? ಈಗ ಎಲ್ಲ ಸರಿಹೋಯ್ತಲ್ಲ,” ಎಂದೆ.

“ಮೊದಲ ಸರ್ವರ್ ಬಂದಾಗಲೂ ನೀವು ಹಂಗ ಅಂದಿದ್ರಿ ಮೇಡಂ.”

ಪೆನ್ನು ಕೆಳಗಿಟ್ಟು ಹೊಸ ಪರೀಕ್ಷಾ ಪತ್ರದ ಎರಡನೇ ಪುಟವನ್ನು ಮೊದಲಿನಿಂದ ಓದಿದೆ. ವೃತ್ತಿ ನನಗೆ ಕಲಿಸಿದ್ದು ಇಷ್ಟೇ: ಹೊಣೆ ಕೇಳುವ ಬೆರಳು ಮೊದಲು ತನ್ನ ಸಹಿಯ ಮೇಲೆ ಇಳಿಯಬೇಕು. ಯಂತ್ರ ಕೊಡುವ ಗುರುತನ್ನು ನಂಬುವ ಮೊದಲು, ಅದರ ಪ್ಲಗ್ಗನ್ನು ಯಾರಾದರೂ ಕಿತ್ತು ನೋಡಿದ್ದಾರೆಯೇ ಎಂದು ಕೇಳಬೇಕು.